ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈಗಳು

ದೇವಾಲಯದ ಜೀರ್ಣೋದ್ಧಾರವು ಸುಲಭವಾದ ಕಾರ್ಯವಲ್ಲ. ಒರಲೆ ಹಿಡಿದ ಪಕ್ಕಾಸನ್ನು ತೆಗೆದು ಹೊಸ ಮರವನ್ನು ಕೂಡಿಸಬೇಕು; ಸಡಿಲಿದ ಕಲ್ಲನ್ನೆತ್ತಿ ಮತ್ತೆ ನೆಲೆಗೊಳಿಸಬೇಕು; ಸೋರುವ ಮಾಡನ್ನು ಹೊಸತಾಗಿ ಹೊದಿಸಬೇಕು. ಇಷ್ಟೆಲ್ಲ ನಡೆಯುವಾಗಲೂ ಮೂಲಸ್ಥಾನದ ಸಾನ್ನಿಧ್ಯಕ್ಕೆ ಲೋಪ ಬರಕೂಡದು. ಏನನ್ನು ತೆಗೆಯಬಹುದು, ಏನನ್ನು ಮುಟ್ಟಕೂಡದು ಎಂಬ ವಿವೇಕವೇ ಈ ಕಾರ್ಯದ ಪ್ರಾಣ. ಆ ವಿವೇಕವಿಲ್ಲದೆ ಕೈಯಿಕ್ಕಿದರೆ ಹಳೆಯದೂ ಉಳಿಯದು, ಹೊಸದೂ ನಿಲ್ಲದು.

ದೇಗುಲಕ್ಕೆ ಸಲ್ಲುವ ಈ ಮಾತು ಭಾಷೆಗೂ ಸಲ್ಲುತ್ತದೆ. ಹಿರಿಯರಿಂದ ಬಂದ ನುಡಿಯೂ ಕಾಲಕಾಲಕ್ಕೆ ಜೀರ್ಣೋದ್ಧಾರವನ್ನು ಬೇಡುತ್ತದೆ. ಕನ್ನಡ ಕಾವ್ಯಕ್ಕೆ ಅಂತಹ ಸೇವೆಯನ್ನು ಸಲ್ಲಿಸಿದ ಮಹನೀಯರೊಬ್ಬರು ಕಾಸರಗೋಡು ಸೀಮೆಯ ಕಡಲಕರೆಯ ಊರಿನಲ್ಲಿ ಬಾಳಿ ಹೋದರು. ಅವರೇ ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈಗಳು. ದೇವರಿಗೆ ಹೊಸ ಗುಡಿಯನ್ನು ಸಮರ್ಪಿಸುವ ಶುಭಸಂದರ್ಭದಲ್ಲಿ ಅವರ ಜೀವನವನ್ನು ನೆನೆಯುವುದು ಉಚಿತವಾಗಿಯೇ ಇದೆ.

ಮಂಗಳೂರಿನಿಂದ ದಕ್ಷಿಣಕ್ಕೆ ತಲಪಾಡಿಯನ್ನು ದಾಟಿದ ಕೂಡಲೇ ಮಂಜೇಶ್ವರ ಸಿಗುತ್ತದೆ. ಪಡುವಣದಲ್ಲಿ ಕಡಲು, ನಡುವೆ ಹೊಳೆ, ಸುತ್ತಲೂ ತೆಂಗಿನ ತೋಟಗಳು. ಶ್ರೀಮದನಂತೇಶ್ವರ ದೇವಾಲಯದಿಂದಲೂ ಅಲ್ಲಿ ವರ್ಷವರ್ಷವೂ ನಡೆಯುವ ಷಷ್ಠಿಯ ಮಹೋತ್ಸವದಿಂದಲೂ ಆ ಊರಿನ ಹೆಸರು ದೂರದೂರಕ್ಕೆ ಹಬ್ಬಿದೆ. ಜೈನ ಬಸದಿ, ಮಸೀದಿ, ಇಗರ್ಜಿಗಳೂ ಆ ಪರಿಸರದಲ್ಲಿವೆ. ಅಲ್ಲಿಯ ಪೇಟೆಯಲ್ಲಿ ಒಂದು ಗಳಿಗೆ ನಿಂತರೆ ತುಳು, ಕೊಂಕಣಿ, ಕನ್ನಡ, ಮಲಯಾಳ, ಬ್ಯಾರಿ ನುಡಿಗಳೆಲ್ಲವೂ ಕಿವಿಗೆ ಬೀಳುತ್ತವೆ. ಇಂತಹ ಊರಿನಲ್ಲಿ, ತಾಯಿಯ ತವರುಮನೆಯಲ್ಲಿ, 1883ನೆಯ ಇಸವಿ ಮಾರ್ಚ್ 23ರಂದು ಗೋವಿಂದ ಪೈಗಳು ಜನಿಸಿದರು. ಆಗ ಚಿತ್ರಭಾನು ಸಂವತ್ಸರವು ಮುಗಿಯುತ್ತ ಬಂದಿದ್ದಿತು. ತಂದೆ ಮಂಗಳೂರಿನ ಸಾಹುಕಾರ ತಿಮ್ಮಪ್ಪ ಪೈಗಳು, ತಾಯಿ ದೇವಕಿಯಮ್ಮನವರು. ಮನೆತನವು ಗೌಡ ಸಾರಸ್ವತರದು, ಮನೆಮಾತು ಕೊಂಕಣಿ.

ಬಾಲ್ಯದ ವಿದ್ಯಾಭ್ಯಾಸವು ಮಂಗಳೂರಿನಲ್ಲಿ ನಡೆಯಿತು. ಮಕ್ಕಳ ಸಾಹಿತ್ಯದಲ್ಲಿ ಹೆಸರಾದ ಪಂಜೆ ಮಂಗೇಶರಾಯರು ಅಲ್ಲಿ ಅವರಿಗೆ ಗುರುಗಳಾಗಿ ದೊರಕಿದುದು ಒಂದು ಭಾಗ್ಯವಿಶೇಷ. ಮುಂದೆ ಉನ್ನತ ವ್ಯಾಸಂಗಕ್ಕಾಗಿ ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿದರು. ಬಿ. ಎ. ಪರೀಕ್ಷೆಯು ನಡೆಯುತ್ತಿದ್ದಾಗಲೇ ತಂದೆಯವರಿಗೆ ಕಾಯಿಲೆಯೆಂಬ ಸುದ್ದಿ ಬಂದಿತು. ಅದುವರೆಗೆ ಅವರು ಬರೆದು ಮುಗಿಸಿದ್ದುದು ಇಂಗ್ಲಿಷ್ ವಿಷಯವೊಂದನ್ನೇ. ಉಳಿದ ಪರೀಕ್ಷೆಯನ್ನು ಬಿಟ್ಟು ಊರಿಗೆ ಮರಳಿದರು. ಆ ಇಂಗ್ಲಿಷ್ ವಿಷಯದಲ್ಲಿ ಅವರಿಗೆ ಸುವರ್ಣಪದಕವು ದೊರೆತರೂ ಪದವಿಯು ದೊರೆಯಲಿಲ್ಲ. ತಂದೆಯ ಬಳಿಗೆ ಧಾವಿಸಿದ ಮಗನಿಗೆ ಇದೊಂದು ನಷ್ಟವೆಂದು ತೋರಿದಂತಿಲ್ಲ. ಆ ಮೇಲೆ ಪದವಿಗಾಗಿ ಅವರು ಹಂಬಲಿಸಲಿಲ್ಲ. ಯಾವ ಉದ್ಯೋಗಕ್ಕೂ ಹೋಗಲಿಲ್ಲ. ಮನೆಯ ಹೊಣೆಯನ್ನು ಹೊತ್ತು, ಮಂಜೇಶ್ವರದಲ್ಲಿ ನೆಲಸಿ, ಉಳಿದ ಆಯುಷ್ಯವನ್ನೆಲ್ಲ ಗ್ರಂಥಗಳ ನಡುವೆ ಕಳೆದರು.

ಅವರ ಭಾಷಾಜ್ಞಾನವು ಬೆರಗುಗೊಳಿಸುವಂತಹುದು. ಕೊಂಕಣಿ, ತುಳು, ಕನ್ನಡಗಳು ಬಾಲ್ಯದಿಂದಲೇ ಬಂದವು. ಸಂಸ್ಕೃತ, ಪಾಲಿ, ಪ್ರಾಕೃತ, ಮಲಯಾಳ, ತಮಿಳು, ತೆಲುಗು, ಮರಾಠಿ, ಬಂಗಾಳಿ, ಪಾರಸಿಗಳನ್ನೂ, ಇಂಗ್ಲಿಷಿನೊಡನೆ ಗ್ರೀಕ್, ಲ್ಯಾಟಿನ್, ಫ್ರೆಂಚ್, ಜರ್ಮನ್ ಮೊದಲಾದ ದೂರದ ನುಡಿಗಳನ್ನೂ ಅವರು ಶ್ರಮಪಟ್ಟು ಸಂಪಾದಿಸಿದರು. ಒಂದು ಗ್ರಂಥದಲ್ಲಿರುವ ವಿಷಯವನ್ನು ಅದರ ಮೂಲಭಾಷೆಯಲ್ಲಿಯೇ ಓದಿ ತಿಳಿಯಬೇಕೆಂಬುದು ಅವರ ನಿಯಮವಾಗಿದ್ದಿತು. ಬೇಕಾದ ಪುಸ್ತಕಗಳನ್ನು ಎಲ್ಲೆಲ್ಲಿಂದಲೋ ತರಿಸಿಕೊಳ್ಳುತ್ತಿದ್ದರು. ಹೀಗೆ ಹಳ್ಳಿಯ ಆ ಮನೆಯು ವರ್ಷಗಳುರುಳಿದಂತೆ ಒಂದು ದೊಡ್ಡ ಗ್ರಂಥಭಂಡಾರವಾಯಿತು. ಇಷ್ಟು ಭಾಷೆಗಳನ್ನು ಬಲ್ಲವರು ಬರೆಯುವುದಕ್ಕೆ ಆರಿಸಿಕೊಂಡ ಭಾಷೆಯು ಕನ್ನಡ. ಮನೆಮಾತಾದ ಕೊಂಕಣಿಯ ಮೇಲಿನ ಅನಾದರದಿಂದ ಹೀಗೆ ಮಾಡಿದರೆಂದು ಯಾರೂ ತಿಳಿಯಬಾರದು. ಒಂದನ್ನು ಪ್ರೀತಿಸುವುದಕ್ಕಾಗಿ ಇನ್ನೊಂದನ್ನು ದ್ವೇಷಿಸಬೇಕೆಂಬ ಸಂಕುಚಿತ ಭಾವವು ಅವರ ಸ್ವಭಾವಕ್ಕೆ ಹೊರಗಾದುದು.

ಗೋವಿಂದ ಪೈಗಳ ಹೆಸರು ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಮೊದಲು ಬೆಳಗಿದುದು ಪ್ರಾಸವನ್ನು ತ್ಯಜಿಸಿದುದರಿಂದ. ಹಳೆಯ ಕನ್ನಡ ಪದ್ಯಗಳಲ್ಲಿ ಆದಿಪ್ರಾಸವೆಂಬ ಕಟ್ಟಳೆಯೊಂದಿದೆ. ಪದ್ಯದ ಪ್ರತಿಯೊಂದು ಪಾದದಲ್ಲಿಯೂ ಎರಡನೆಯ ಅಕ್ಷರದ ವ್ಯಂಜನವು ಒಂದೇ ಆಗಿರಬೇಕು. ಮೊದಲನೆಯ ಪಾದದ ಎರಡನೆಯ ಅಕ್ಷರವು ರಕಾರವಾದರೆ ಉಳಿದ ಪಾದಗಳಲ್ಲಿಯೂ ಅದೇ ಜಾಗದಲ್ಲಿ ರಕಾರವೇ ಬರಬೇಕು. ಸಾವಿರ ವರ್ಷಕ್ಕೂ ಮಿಕ್ಕಿ ನಡೆದುಬಂದ ಈ ಸಂಪ್ರದಾಯವು ಮಹಾಕವಿಗಳ ಕೈಯಲ್ಲಿ ಭೂಷಣವಾಗಿದ್ದಿತು. ಸಾಮಾನ್ಯರ ಕೈಯಲ್ಲಿ ಅದೇ ಸಂಕೋಲೆಯಾಯಿತು. ಪ್ರಾಸಕ್ಕಾಗಿ ಪದವನ್ನು ಹುಡುಕಿ, ಪದಕ್ಕಾಗಿ ಅರ್ಥವನ್ನು ತಿರುಚುವ ಸ್ಥಿತಿಯುಂಟಾಯಿತು. ಸಂಸ್ಕೃತದ ಮಹಾಕಾವ್ಯಗಳಿಗೆ ಇಂತಹ ಕಡ್ಡಾಯವಿಲ್ಲ. ಇಂಗ್ಲಿಷಿನಲ್ಲಿ ಅಂತ್ಯಪ್ರಾಸವಿಲ್ಲದೆಯೂ ಮಹಾಕಾವ್ಯವು ನಡೆದಿದೆ. ಇವೆಲ್ಲವನ್ನೂ ಬಲ್ಲ ಪೈಗಳು 1911ನೆಯ ಇಸವಿಯಲ್ಲಿ ಈ ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟು ಬರೆಯುವ ನಿರ್ಧಾರವನ್ನು ಕೈಗೊಂಡರು. ಬಿ. ಎಂ. ಶ್ರೀಕಂಠಯ್ಯನವರ ಇಂಗ್ಲಿಷ್ ಗೀತಗಳು ಪುಸ್ತಕರೂಪದಲ್ಲಿ ಬಂದುದು 1926ರಲ್ಲಿ ಎಂಬುದನ್ನು ನೆನೆದರೆ, ಮಂಜೇಶ್ವರದ ಈ ತರುಣನು ಎಷ್ಟು ಮುಂಚಿತವಾಗಿ ಹೊಸ ಹಾದಿಯನ್ನು ಹಿಡಿದನೆಂಬುದು ಸ್ಪಷ್ಟವಾಗುತ್ತದೆ.

ಆದರೆ ಅವರು ಬಿಟ್ಟುದು ಪ್ರಾಸವೊಂದನ್ನೇ. ಛಂದಸ್ಸಿನ ಲಯವನ್ನು ಬಿಡಲಿಲ್ಲ, ಮಾತ್ರೆ ಗಣಗಳ ಲೆಕ್ಕವನ್ನು ಬಿಡಲಿಲ್ಲ, ಪಂಪ ರನ್ನರ ಕಾಲದ ಹಳಗನ್ನಡದ ಪದಸಂಪತ್ತನ್ನಂತೂ ಬಿಡಲೇ ಇಲ್ಲ. ಮರೆತುಹೋಗಿದ್ದ ಎಷ್ಟೋ ಅಚ್ಚಗನ್ನಡ ಶಬ್ದಗಳು ಅವರ ಕವಿತೆಗಳಲ್ಲಿ ಮತ್ತೆ ಉಸಿರಾಡಿದವು. ಹೀಗಾಗಿ ಅವರ ಶೈಲಿಯು ಕೆಲವೆಡೆ ಕಠಿನವೆನ್ನಿಸುವುದುಂಟು. ನಿಘಂಟಿನ ನೆರವನ್ನು ಬೇಡುವುದುಂಟು. ಒರಲೆ ಹಿಡಿದ ಮರವನ್ನಷ್ಟೇ ತೆಗೆದು, ಗರ್ಭಗುಡಿಯನ್ನು ಮುಟ್ಟದೆ, ಹಳೆಯ ಪಂಚಾಂಗದ ಮೇಲೆಯೇ ಗೋಡೆಯನ್ನೆಬ್ಬಿಸಿದ ಶಿಲ್ಪಿಯ ಕೆಲಸವಿದು. ಅವರ ಮೊದಲನೆಯ ಕವನಸಂಕಲನವಾದ ಗಿಳಿವಿಂಡು 1930ರಲ್ಲಿ ಪ್ರಕಟವಾಯಿತು.

ಮಹಾತ್ಮರ ಕೊನೆಯ ದಿನಗಳ ಮೇಲೆ ಅವರ ಮನಸ್ಸು ಮತ್ತೆಮತ್ತೆ ನೆಟ್ಟುದುದು ಒಂದು ವಿಶೇಷ. ಮನುಷ್ಯನ ಹಿರಿಮೆಯು ಅವನು ಬದುಕಿದ ರೀತಿಯಲ್ಲಿ ಕಾಣುವಂತೆಯೇ ಅವನು ದೇಹವನ್ನು ಬಿಟ್ಟ ರೀತಿಯಲ್ಲಿಯೂ ಕಾಣುತ್ತದೆ. ಅಂತ್ಯಕಾಲದ ಸ್ಮರಣೆಯ ಮಹಿಮೆಯನ್ನು ಗೀತೆಯೇ ಬೋಧಿಸಿದೆ. ಪೈಗಳು ಬರೆದ ಗೊಲ್ಗೊಥಾ ಎಂಬ ಖಂಡಕಾವ್ಯವು ಜೆರುಸಲೇಮಿನ ಹೊರಗಿನ ದಿಣ್ಣೆಯ ಮೇಲೆ ಶಿಲುಬೆಗೇರಿದ ಯೇಸುವಿನ ಕಡೆಯ ದಿನವನ್ನು ಚಿತ್ರಿಸುತ್ತದೆ. ವೈಶಾಖಿಯು ಕುಶಿನಗರದಲ್ಲಿ ಎರಡು ಸಾಲವೃಕ್ಷಗಳ ನಡುವೆ ಪರಿನಿರ್ವಾಣವನ್ನು ಹೊಂದಿದ ಬುದ್ಧನ ಕಡೆಯ ದಿನವನ್ನು ಹೇಳುತ್ತದೆ. ವೈಶಾಖ ಪೂರ್ಣಿಮೆಯಿಂದ ಅದಕ್ಕೆ ಆ ಹೆಸರು. ಪ್ರಭಾಸ ಕ್ಷೇತ್ರದಲ್ಲಿ ಜರನೆಂಬ ಬೇಡನ ಬಾಣವು ಪಾದಕ್ಕೆ ನಾಟಿ ಅವತಾರವನ್ನು ಮುಗಿಸಿದ ಶ್ರೀಕೃಷ್ಣನನ್ನು ಕುರಿತು ಪ್ರಭಾಸವನ್ನೂ, 1948ರ ಜನವರಿ 30ರಂದು ಪ್ರಾರ್ಥನೆಗೆ ನಡೆಯುತ್ತಿರುವಾಗಲೇ ಗುಂಡಿಗೆ ಬಲಿಯಾದ ಗಾಂಧೀಜಿಯವರನ್ನು ಕುರಿತು ದೇಹಲಿಯನ್ನೂ ಬರೆಯತೊಡಗಿದರು. ಮೊದಲಿನ ಎರಡು ಕಾವ್ಯಗಳು ಪೂರ್ಣವಾಗಿ ಕನ್ನಡಿಗರ ಕೈಸೇರಿದವು. ಕೊನೆಯ ಎರಡು ಪೂರ್ತಿಯಾಗಲಿಲ್ಲ.

ಅನಂತೇಶ್ವರನ ಊರಿನ ಸಾರಸ್ವತ ಮನೆತನದ ಕವಿಯೊಬ್ಬನು ಯೇಸುವಿಗಾಗಿ, ಬುದ್ಧನಿಗಾಗಿ ಕಣ್ಣೀರಿಟ್ಟುದನ್ನು ಕಂಡು ಯಾರಾದರೂ ಆಶ್ಚರ್ಯಪಟ್ಟರೆ, ಅವರು ಆ ಊರನ್ನು ಸರಿಯಾಗಿ ನೋಡಿಲ್ಲವೆಂದೇ ಹೇಳಬೇಕು. ದೇವಸ್ಥಾನದ ಗಂಟೆ, ಇಗರ್ಜಿಯ ಗಂಟೆ, ಮಸೀದಿಯ ಬಾಂಗು, ಇವು ಮೂರೂ ಕೇಳಿಸುವ ಊರಿನಲ್ಲಿ ಬೆಳೆದವರಿಗೆ ಪರರ ದೇವರು ಪರಕೀಯನಾಗಿ ತೋರುವುದಿಲ್ಲ. ಸ್ವಧರ್ಮದಲ್ಲಿ ನಿಷ್ಠೆಯಿದ್ದವನಿಗೆ ಪರಧರ್ಮದ ಮಹಾತ್ಮನಿಗೂ ಕೈಮುಗಿಯುವುದು ಕಷ್ಟವಲ್ಲವೆಂಬುದನ್ನು ಪೈಗಳು ಉಪದೇಶದಿಂದ ಹೇಳದೆ ಕಾವ್ಯದಿಂದ ತೋರಿಸಿದರು.

ಅವರ ನಾಟಕಗಳಲ್ಲಿ ಹೆಬ್ಬೆರಳು ಎಂಬುದು ಏಕಲವ್ಯನ ಕಥೆ. ಗುರುದಕ್ಷಿಣೆಯಾಗಿ ಹೆಬ್ಬೆರಳನ್ನೇ ಕತ್ತರಿಸಿಕೊಟ್ಟ ಆ ಬೇಡರ ಹುಡುಗನ ಭಕ್ತಿಯೂ, ಅದನ್ನು ಕೇಳಿ ಪಡೆದ ದ್ರೋಣರ ಧರ್ಮಸಂಕಟವೂ ಅಲ್ಲಿ ವಿಚಾರಕ್ಕೆ ಬರುತ್ತವೆ. ಚಿತ್ರಭಾನು ಎಂಬ ಇನ್ನೊಂದು ನಾಟಕವು 1942ರ ಸ್ವಾತಂತ್ರ್ಯ ಹೋರಾಟಕ್ಕೆ ಸಂಬಂಧಿಸಿದುದು. ಆ ವರ್ಷದ ಸಂವತ್ಸರದ ಹೆಸರೇ ಚಿತ್ರಭಾನು. ಪೈಗಳು ಹುಟ್ಟಿದ ಸಂವತ್ಸರವೂ ಅದೇ. ಅರುವತ್ತು ವರ್ಷಗಳ ಚಕ್ರವು ಒಂದು ಸುತ್ತು ತಿರುಗಿ ಬರುವಷ್ಟರಲ್ಲಿ ದೇಶವು ಬಿಡುಗಡೆಯ ಬಾಗಿಲಿಗೆ ಬಂದಿದ್ದಿತು. ಇವುಗಳಲ್ಲದೆ ದೂರದ ಜಪಾನಿನ ನೋ ನಾಟಕಗಳನ್ನೂ ಅವರು ಕನ್ನಡಕ್ಕೆ ತಂದರು.

ಕವಿಯಾಗಿ ಪಡೆದ ಕೀರ್ತಿಗೆ ಸಮನಾದ ಕೀರ್ತಿಯನ್ನು ಅವರು ಸಂಶೋಧಕರಾಗಿಯೂ ಪಡೆದರು. ಬುದ್ಧನ ನಿರ್ವಾಣದ ಕಾಲ, ಹಳೆಯ ಕವಿಗಳ ಮತ್ತು ಆಚಾರ್ಯರ ಕಾಲನಿರ್ಣಯ, ತುಳುನಾಡಿನ ಪೂರ್ವಚರಿತ್ರೆ ಮುಂತಾದ ವಿಷಯಗಳನ್ನು ಶಾಸನ, ಕಾವ್ಯ, ಪಂಚಾಂಗದ ಗಣಿತ ಇವುಗಳ ಆಧಾರದಿಂದ ವಿಚಾರಿಸಿ ಲೇಖನಗಳನ್ನು ಬರೆದರು. ಒಂದು ತಿಥಿಯನ್ನು ನಿರ್ಣಯಿಸುವುದಕ್ಕಾಗಿ ಹತ್ತಾರು ಗ್ರಂಥಗಳನ್ನು ತೆರೆಯುವ ತಾಳ್ಮೆ ಅವರಲ್ಲಿದ್ದಿತು. ಈಜಿಪ್ಟ್ ದೇಶದ ಮರಳಿನಡಿಯಲ್ಲಿ ಆಕ್ಸಿರಿಂಕಸ್ ಎಂಬಲ್ಲಿ ದೊರೆತ ಗ್ರೀಕ್ ಪ್ರಹಸನದ ವಿಚಾರವನ್ನು ಇಲ್ಲಿ ನೆನೆಯಬಹುದು. ಭಾರತದ ಕಡಲಕರೆಯ ಒಂದು ದೇವಾಲಯದಲ್ಲಿ ಸೆರೆಯಾಗಿದ್ದ ಗ್ರೀಕ್ ಹೆಣ್ಣುಮಗಳೊಬ್ಬಳನ್ನು ಅವಳ ಸೋದರನು ಬಿಡಿಸಿಕೊಂಡು ಹೋಗುವುದು ಅದರ ಕಥೆ. ಇಲ್ಲಿಯ ಅರಸನೂ ಪರಿವಾರದವರೂ ಆಡುವ ಅರ್ಥವಾಗದ ಮಾತುಗಳು ಕನ್ನಡದವಾಗಿರಬಹುದೆಂದು ಜರ್ಮನಿಯ ವಿದ್ವಾಂಸರಾದ ಹುಲ್ಟ್ಷ್ ಅವರು 1904ರಲ್ಲಿ ಸೂಚಿಸಿದರು. ಗ್ರೀಕನ್ನೂ ಹಳಗನ್ನಡವನ್ನೂ ಕಲಿತಿದ್ದ ಪೈಗಳು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು ವಿಮರ್ಶಿಸಿದರು. ಆ ಮಾತುಗಳು ಯಾವ ನುಡಿಯವು ಎಂಬುದರಲ್ಲಿ ವಿದ್ವಾಂಸರಿಗೆ ಏಕಮತವಿಲ್ಲ. ಆದರೂ ಮಂಜೇಶ್ವರದ ಮನೆಯಲ್ಲಿ ಕುಳಿತು ಗ್ರೀಕ್ ಮೂಲವನ್ನು ಮುಂದಿಟ್ಟುಕೊಂಡು ಕನ್ನಡದ ಪ್ರಾಚೀನತೆಯನ್ನು ಅರಸಿದ ಆ ಶ್ರದ್ಧೆಯು ಎಲ್ಲರಿಗೂ ಮಾನ್ಯವಾದುದು.

ಮನೆಯೊಳಗಿನ ಬಾಳಿನಲ್ಲಿ ಅವರಿಗೆ ಸುಖವು ಹೆಚ್ಚು ಕಾಲ ಉಳಿಯಲಿಲ್ಲ. ಪತ್ನಿ ಕೃಷ್ಣಾಬಾಯಿಯವರು ನಡುವಯಸ್ಸಿನಲ್ಲಿಯೇ ಅವರನ್ನಗಲಿ ಹೋದರು. ಸಹಧರ್ಮಿಣಿಯ ನೆನಪಿನಲ್ಲಿ ಅವರು ರಚಿಸಿದ ಕವಿತೆಗಳಿಗೆ ನಂದಾದೀಪವೆಂದು ಹೆಸರು. ಗರ್ಭಗುಡಿಯಲ್ಲಿ ಹಗಲಿರುಳೂ ಆರದೆ ಉರಿಯುವ ದೀಪದ ಹೆಸರನ್ನೇ ಅವರು ಆ ನೆನಪಿಗೆ ಕೊಟ್ಟರು. ಮುಂದಿನ ವರ್ಷಗಳನ್ನೆಲ್ಲ ಗ್ರಂಥಗಳೊಡನೆಯೇ ಕಳೆದರು. ಸಭೆ ಸಮಾರಂಭಗಳಿಗಾಗಿ ಅವರು ಹಾತೊರೆದವರಲ್ಲ. ಗೌರವಗಳೇ ಅವರನ್ನು ಹುಡುಕಿಕೊಂಡು ಬಂದವು.

ಆ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿದ್ದಿತು. ಮದರಾಸು ಸರಕಾರವು 1949ರಲ್ಲಿ ಪೈಗಳಿಗೆ ರಾಷ್ಟ್ರಕವಿಯೆಂಬ ಬಿರುದನ್ನಿತ್ತು ಗೌರವಿಸಿತು. ಕನ್ನಡದಲ್ಲಿ ಈ ಬಿರುದನ್ನು ಪಡೆದವರಲ್ಲಿ ಅವರೇ ಮೊದಲಿಗರು. ಕುವೆಂಪು ಅವರೂ ಜಿ. ಎಸ್. ಶಿವರುದ್ರಪ್ಪನವರೂ ಆ ಮೇಲೆ ಅದನ್ನು ಪಡೆದರು. 1951ರಲ್ಲಿ ಮುಂಬಯಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪೈಗಳು ಅಧ್ಯಕ್ಷರಾದರು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಹೋಗಿ, ಮರಾಠಿ ಗುಜರಾತಿಗಳ ನಡುವೆ ಕನ್ನಡವನ್ನು ಉಳಿಸಿಕೊಂಡ ಮುಂಬಯಿಯ ಜನರಿಗೆ, ಹಲವು ನುಡಿಗಳ ಊರಿನಿಂದ ಬಂದ ಈ ಹಿರಿಯರು ಅಧ್ಯಕ್ಷರಾದುದು ಎಷ್ಟೂ ತಕ್ಕುದಾಗಿದ್ದಿತು.

ಅವರ ಬಾಳಿನ ಇಳಿಹೊತ್ತಿನಲ್ಲಿ ಬಂದ ದೊಡ್ಡ ದುಃಖವು ನಾಡಿಗೆ ಸಂಬಂಧಿಸಿದುದು. ಚಂದ್ರಗಿರಿ ಹೊಳೆಯು ತುಳುನಾಡಿಗೂ ಮಲೆಯಾಳಕ್ಕೂ ನಡುವಣ ಗಡಿಯೆಂದು ಹಿಂದಿನಿಂದ ಎಣಿಕೆಯಾಗಿದ್ದಿತು. ಕಾಸರಗೋಡು ಸೀಮೆಯು ಕನ್ನಡ ನಾಡಿನೊಡನೆಯೇ ಇರಬೇಕೆಂಬುದು ಪೈಗಳ ದೃಢವಾದ ಅಭಿಪ್ರಾಯ. ಆದರೆ 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯು ಜಾರಿಗೆ ಬಂದಾಗ, ಮಂಗಳೂರು ಮೈಸೂರು ರಾಜ್ಯಕ್ಕೆ ಸೇರಿತು. ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ತಲಪಾಡಿಯ ಬಳಿ ಗಡಿರೇಖೆಯು ಬಿದ್ದಿತು. ತಂದೆಯ ಊರು ಒಂದು ರಾಜ್ಯದಲ್ಲಿ, ತಾಯಿಯ ಊರು ಇನ್ನೊಂದು ರಾಜ್ಯದಲ್ಲಿ. ಕನ್ನಡದ ಮೊದಲ ರಾಷ್ಟ್ರಕವಿಯ ಮನೆಯು ಕನ್ನಡ ನಾಡಿನಿಂದ ಕೆಲವೇ ಮೈಲಿಗಳ ಹೊರಗೆ ಉಳಿಯಿತು.

ಆಗ ಅವರಿಗೆ ಎಪ್ಪತ್ತಮೂರು ವರ್ಷ. ಗಡಿಯನ್ನು ದಾಟಿ ಮಂಗಳೂರಿನಲ್ಲಿಯೋ ಉಡುಪಿಯಲ್ಲಿಯೋ ನೆಲಸಿದ್ದರೆ ಆದರದ ಸ್ವಾಗತವು ದೊರೆಯುತ್ತಿದ್ದುದರಲ್ಲಿ ಸಂದೇಹವಿಲ್ಲ. ಪೈಗಳು ಮಂಜೇಶ್ವರವನ್ನು ಬಿಡಲಿಲ್ಲ. ಮನದಲ್ಲಿ ನೋವಿದ್ದರೂ ನೆರೆಯ ಮಲಯಾಳ ನುಡಿಯನ್ನಾಗಲಿ, ಅದನ್ನಾಡುವ ಜನರನ್ನಾಗಲಿ ಹಳಿಯಲಿಲ್ಲ. ಹಳೆಯ ಮನೆಯಲ್ಲಿಯೇ, ಹಳೆಯ ಪುಸ್ತಕಗಳ ನಡುವೆಯೇ, ಮೊದಲಿನಂತೆ ಓದುತ್ತ ಬರೆಯುತ್ತ ಉಳಿದರು. 1963ರ ಸೆಪ್ಟೆಂಬರ್ 6ರಂದು ಎಂಬತ್ತು ವರ್ಷಗಳ ತುಂಬುಬಾಳು ಮುಗಿಯಿತು. ಚಂದ್ರಗಿರಿಯ ಉತ್ತರದ ಭಾಗವು ಮೈಸೂರು ರಾಜ್ಯಕ್ಕೆ ಸಲ್ಲಬೇಕೆಂದು ಮಹಾಜನ ಆಯೋಗವು 1967ರಲ್ಲಿ ವರದಿ ಮಾಡಿದಾಗ ಅದನ್ನು ಕೇಳಲು ಅವರಿರಲಿಲ್ಲ. ಆ ವರದಿಯು ಕಾರ್ಯರೂಪಕ್ಕೂ ಬರಲಿಲ್ಲ. ಕಾಸರಗೋಡಿನ ಕನ್ನಡಿಗರ ಹಕ್ಕುಗಳಿಗಾಗಿ ನಡೆದ ಹೋರಾಟವನ್ನು ಅವರ ಅಭಿಮಾನಿಯಾದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಮುಂದುವರಿಸಿ, ನೂರು ವರ್ಷಗಳ ಬಾಳನ್ನು ನಡೆಸಿ 2015ರಲ್ಲಿ ತೀರಿಕೊಂಡರು.

ಪೈಗಳು ಕೂಡಿಟ್ಟ ಗ್ರಂಥಭಂಡಾರವು ಚದರಿಹೋಗಲಿಲ್ಲ. ಅದು ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜನ್ನು ಸೇರಿತು. ಅದರ ಸುತ್ತಲೂ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವು ಬೆಳೆಯಿತು. ಅದನ್ನು ಬೆಳೆಸಿದವರಲ್ಲಿ ಕು. ಶಿ. ಹರಿದಾಸ ಭಟ್ಟರು ಮುಖ್ಯರು. ಪೈಗಳ ಸಂಶೋಧನ ಲೇಖನಗಳು ಒಂದು ಸಂಪುಟವಾಗಿ ಅಲ್ಲಿಂದ ಹೊರಬಂದವು. ತುಳು ಭಾಷೆಯ ಬೃಹತ್ ನಿಘಂಟು ಆರು ಸಂಪುಟಗಳಲ್ಲಿ ಸಿದ್ಧವಾದುದೂ ಅದೇ ಕೇಂದ್ರದಲ್ಲಿ. 1988ರಲ್ಲಿ ಮೊದಲಾದ ಅದರ ಪ್ರಕಟಣೆಯು 1997ರಲ್ಲಿ ಮುಗಿಯಿತು. ಕೊಂಕಣಿಯ ಮನೆಯಲ್ಲಿ ಹುಟ್ಟಿ ಕನ್ನಡಕ್ಕಾಗಿ ದುಡಿದವರ ಹೆಸರಿನ ಛಾಯೆಯಲ್ಲಿ ತುಳುವಿಗೆ ನಿಘಂಟು ದೊರೆಯಿತು. ಗಡಿಯ ಈಚೆಗೆ ಮಂಜೇಶ್ವರದಲ್ಲಿ ಕೇರಳ ಸರಕಾರವು ನಡೆಸುವ ಕಾಲೇಜಿಗೂ ಅವರದೇ ಹೆಸರು. ಅವರು ಬಾಳಿದ ಮನೆಯ ನೆಲೆಯಲ್ಲಿ ಗಿಳಿವಿಂಡು ಎಂಬ ಹೆಸರಿನಿಂದ ಸ್ಮಾರಕವು ಎದ್ದಿದೆ. ರಾಜ್ಯಗಳ ರೇಖೆಯು ಬೇರೆ ಮಾಡಿದ ಜನರನ್ನು ಕವಿಯ ಹೆಸರು ಹೀಗೆ ಒಂದುಗೂಡಿಸುತ್ತಿದೆ.

ಗಡಿನಾಡಿನ ಮನೆಗಳಲ್ಲಿ ಎರಡು ಮೂರು ನುಡಿಗಳು ಒಂದೇ ಒಲೆಯ ಸುತ್ತ ಬಾಳುತ್ತವೆ. ಶಾಲೆಯದೊಂದು, ಪೇಟೆಯದೊಂದು, ಅಜ್ಜಿಯ ಕಥೆಯದೊಂದು. ಇವುಗಳಲ್ಲಿ ಯಾವುದನ್ನಾದರೂ ಒಂದನ್ನು ಬಿಟ್ಟರೆ ಮಕ್ಕಳಿಗೆ ಹೊರೆಯು ಕಡಿಮೆಯಾದೀತೆಂದು ತಂದೆತಾಯಿಗಳಿಗೆ ತೋರುವುದುಂಟು. ಹಾಗೆ ಬಿಟ್ಟ ನುಡಿಯೊಡನೆ ಅದರ ಹಾಡು, ಗಾದೆ, ಯಕ್ಷಗಾನದ ಪ್ರಸಂಗ, ದೇವರ ಸ್ತುತಿ ಎಲ್ಲವೂ ಹೋಗುತ್ತವೆ. ಎರಡು ತಲೆಮಾರುಗಳು ಕಳೆದ ಮೇಲೆ ದೇವಸ್ಥಾನದ ಶಿಲಾಶಾಸನವನ್ನು ಓದಬಲ್ಲವರೂ ಊರಿನಲ್ಲಿ ಉಳಿಯುವುದಿಲ್ಲ. ಇಪ್ಪತ್ತಕ್ಕೂ ಮಿಕ್ಕ ನುಡಿಗಳನ್ನು ಕಲಿತರೂ ಯಾವುದೊಂದೂ ಭಾರವಾಗದ ಪೈಗಳ ಬಾಳು ಈ ಭಯಕ್ಕೆ ತಕ್ಕ ಉತ್ತರ.

ಗುಡಿಯನ್ನು ಕಟ್ಟಿದ ಮೇಲೆ ಕೆಲಸವು ಮುಗಿಯಿತೆಂದು ಯಾರೂ ತಿಳಿಯುವುದಿಲ್ಲ. ಬ್ರಹ್ಮಕಲಶವು ನಡೆದ ಮರುದಿನವೂ ದೀಪಕ್ಕೆ ಎಣ್ಣೆ ಬೇಕು, ನೈವೇದ್ಯಕ್ಕೆ ಅಕ್ಕಿ ಬೇಕು, ಅಂಗಳವನ್ನು ಗುಡಿಸುವ ಕೈ ಬೇಕು. ನುಡಿಯ ಸೇವೆಯೂ ಹಾಗೆಯೇ ನಿತ್ಯದ್ದು. ಮಂಜೇಶ್ವರದ ಹಿರಿಯರು ಹಚ್ಚಿಟ್ಟ ದೀಪಕ್ಕೆ ಮನೆಮನೆಯಿಂದ ಒಂದೊಂದು ಹನಿ ಎಣ್ಣೆ ಬೀಳುವಂತಾಗಲಿ. ಜೀರ್ಣೋದ್ಧಾರಗೊಂಡ ಸನ್ನಿಧಿಯಲ್ಲಿ ನೆಲೆಗೊಂಡ ದೇವರು ಈ ಗಡಿನಾಡಿನ ಜನರಿಗೂ ಅವರ ನುಡಿಗಳಿಗೂ ಮಂಗಳವನ್ನುಂಟುಮಾಡಲಿ.